ದೆಹಲಿಯ ಯುದ್ಧ ಸ್ಮಾರಕಕ್ಕೆ ಹೊರಡುವ ಮುನ್ನ ಒಂದು ಹೆಸರು ಹುಡುಕಿಟ್ಟುಕೊಳ್ಳಿ

ಪ್ರಶ್ನೆ: ನಾವು ಬೆಳಗಾವಿಯವರು. ಡಿಸೆಂಬರ್ ರಜೆಯಲ್ಲಿ ದೆಹಲಿಗೆ ಹೊರಟಿದ್ದೇವೆ. ನಮ್ಮ ಅತ್ತೆಯವರ ಅಣ್ಣ ಮರಾಠಾ ರೆಜಿಮೆಂಟಿನಲ್ಲಿದ್ದರು, 1971ರ ಯುದ್ಧದಲ್ಲಿ ತೀರಿಕೊಂಡರು. ಅವರ ಹೆಸರು ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ ಇರುತ್ತದೆಯೇ? ಹುಡುಕುವುದು ಹೇಗೆ? ಜೊತೆಗೆ 12 ವರ್ಷದ ಮಗಳು, 7 ವರ್ಷದ ಮಗ ಇದ್ದಾರೆ. ಅಷ್ಟು ಚಿಕ್ಕ ಮಕ್ಕಳನ್ನು ಇಂಥ ಜಾಗಕ್ಕೆ ಕರೆದೊಯ್ಯಬಹುದೇ? ಅಲ್ಲಿ ಯುದ್ಧದ ಇತಿಹಾಸ ಹೇಳುವ ಮ್ಯೂಸಿಯಂ ಕೂಡ ಇದೆಯೇ? ಎಷ್ಟು ಸಮಯ ಇಟ್ಟುಕೊಳ್ಳಬೇಕು? ಅತ್ತೆಗೆ ಮೊಣಕಾಲು ನೋವು, ಜಾಸ್ತಿ ನಡೆಯಲಾರರು.

ಉತ್ತರ: ಮೊದಲು ನಿಮ್ಮ ಅತ್ತೆಯವರ ಅಣ್ಣನ ವಿಷಯಕ್ಕೆ ಬರುತ್ತೇನೆ. ನಿಮ್ಮ ಇಡೀ ಪ್ರವಾಸದಲ್ಲಿ ಮುಖ್ಯವಾದದ್ದು ಅದೇ.

ಸ್ವಾತಂತ್ರ್ಯ ಬಂದ ಮೇಲೆ ಯುದ್ಧಗಳಲ್ಲಿ, ಕಾರ್ಯಾಚರಣೆಗಳಲ್ಲಿ ಪ್ರಾಣ ಕೊಟ್ಟ ಯೋಧರ ಹೆಸರುಗಳನ್ನು ಈ ಸ್ಮಾರಕದ ಗೋಡೆಗಳಲ್ಲಿ ಕೆತ್ತಿದ್ದಾರೆ. 2019ರ ಫೆಬ್ರುವರಿ 25ರಂದು ಉದ್ಘಾಟನೆ ಆದಾಗಲೇ 25,942 ಹೆಸರುಗಳಿದ್ದವು. ಈಗ 26,000 ದಾಟಿದೆ. 1971ರ ಯುದ್ಧದಲ್ಲಿ ಮಡಿದವರೂ ಅದರಲ್ಲಿದ್ದಾರೆ. ಆದ್ದರಿಂದ ಅವರ ಹೆಸರು ಅಲ್ಲಿರಬೇಕು. ಆದರೆ ಅಲ್ಲಿಗೆ ಹೋದ ಮೇಲೆ ಹುಡುಕೋಣ ಅಂತ ಸುಮ್ನೆ ಹೊರಟುಬಿಡಬೇಡಿ. ಅಷ್ಟು ಹೆಸರುಗಳ ನಡುವೆ ಒಂದನ್ನು ಕಣ್ಣಿನಿಂದ ಹುಡುಕುವುದು ಆಗದ ಮಾತು. ಅತ್ತೆಯವರು ಅಷ್ಟು ದೂರ ಬಂದು, ಕಾಲು ನೋಯಿಸಿಕೊಂಡು, ಹೆಸರು ಸಿಗದೆ ವಾಪಸ್ ಬಂದರೆ ಅವರಿಗೂ ನೋವು, ನಿಮಗೂ ನೋವು.

ಹುಡುಕುವ ಕೆಲಸ ಮನೆಯಲ್ಲೇ ಶುರುವಾಗಲಿ. ಅತ್ತೆಯವರ ತವರುಮನೆಯಲ್ಲಿ ಹಳೇ ಟ್ರಂಕು ಇದ್ದರೆ ತೆಗೆಸಿ. ಪಿಂಚಣಿ ಕಾಗದ, ಮೆಡಲ್, ಸಾವಿನ ಸುದ್ದಿ ತಂದ ತಂತಿ, ಏನಿದ್ದರೂ ಸರಿ. ಎಲ್ಲಕ್ಕಿಂತ ಒಳ್ಳೆಯದು ಅವರು ಬರೆದ ಕಾಗದ. ಸೈನಿಕರು ಊರಿಗೆ ಬರೆದ ಪತ್ರಗಳಲ್ಲಿ ಕಳುಹಿಸಿದವರ ವಿಳಾಸದ ಜಾಗ ನೋಡಿ. ಒಂದು ನಂಬರು, ಆಮೇಲೆ ಹುದ್ದೆ, ಹೆಸರು, ಬೆಟಾಲಿಯನ್, ಕೊನೆಗೆ 56 ಎಪಿಒ ಅಥವಾ 99 ಎಪಿಒ ಅಂತ ಇರುತ್ತದೆ. ಯೋಧ ಎಲ್ಲಿದ್ದಾನೆ ಅನ್ನುವುದು ಹೊರಗಿನವರಿಗೆ ತಿಳಿಯಬಾರದು ಅಂತ ಊರಿನ ಹೆಸರಿನ ಬದಲು ಸೇನೆಯ ಅಂಚೆ ಕಚೇರಿಯ ನಂಬರು ಬರೆಯುತ್ತಿದ್ದರು. ಆ ಸಾಲಿನ ಮೊದಲ ನಂಬರೇ ಸರ್ವಿಸ್ ನಂಬರ್. ಅದೊಂದು ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಒಂದೇ ಹೆಸರಿನವರು ಹತ್ತು ಜನ ಇರಬಹುದು. ಆ ನಂಬರಿನವರು ಒಬ್ಬರೇ.

ಏನೂ ಸಿಗದಿದ್ದರೂ ನಿಮಗೆ ಒಂದು ಅನುಕೂಲ ಇದೆ. ಮರಾಠಾ ಲೈಟ್ ಇನ್‌ಫೆಂಟ್ರಿಯ ರೆಜಿಮೆಂಟಲ್ ಸೆಂಟರ್ ನಿಮ್ಮ ಊರಲ್ಲೇ ಇದೆ. ಆ ರೆಜಿಮೆಂಟಿನ ದಾಖಲೆ ಕಚೇರಿಯೂ ಬೆಳಗಾವಿಯಲ್ಲೇ. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಒಂದು ಅರ್ಜಿ ಕೊಟ್ಟು, ಅವರ ಮೂಲಕ ಕೇಳಿಸಿ. ಅರ್ಜಿಯಲ್ಲಿ ಯೋಧರ ಹೆಸರು, ತಂದೆಯ ಹೆಸರು, ಹುಟ್ಟಿದ ಊರು, ತಾಲ್ಲೂಕು, ತೀರಿಕೊಂಡ ವರ್ಷ ಬರೆಯಿರಿ. ಸಮಯ ಹಿಡಿಯುತ್ತದೆ. ಹಾಗಾಗಿ ರೈಲು ಟಿಕೆಟ್ ಬುಕ್ ಮಾಡುವುದಕ್ಕಿಂತ ಮುಂಚೆ ಇದನ್ನು ಮಾಡಿ.

ಆಮೇಲೆ ಸ್ಮಾರಕದ ಅಧಿಕೃತ ಜಾಲತಾಣ ತೆರೆಯಿರಿ. ಹೆಸರು ಹಾಕಿ ಯೋಧರನ್ನು ಹುಡುಕುವ ವ್ಯವಸ್ಥೆ ಅದರಲ್ಲಿದೆ. ಇಂಗ್ಲಿಷ್ ಅಕ್ಷರದಲ್ಲಿ ಹುಡುಕುವಾಗ ಒಂದೇ ಸ್ಪೆಲಿಂಗಿಗೆ ಜೋತು ಬೀಳಬೇಡಿ. ನಮ್ಮ ಕಡೆಯ ಹೆಸರುಗಳನ್ನು ಸೇನೆಯ ಗುಮಾಸ್ತರು ಕಿವಿಗೆ ಕೇಳಿದ ಹಾಗೆ ಬರೆದುಕೊಂಡಿರುವುದು ಬಹಳ. ಬಸಪ್ಪ ಬಸಾಪ್ಪ ಆಗಿರಬಹುದು, ಪಾಟೀಲ ಎರಡು ಮೂರು ರೀತಿ ಇರಬಹುದು, ಅಡ್ಡಹೆಸರು ಬಿಟ್ಟೇ ಹೋಗಿರಬಹುದು. ಯಾವ ಸ್ಪೆಲಿಂಗಿನಲ್ಲಿ ಸಿಗುತ್ತದೋ ಅದನ್ನು ಬರೆದಿಟ್ಟುಕೊಳ್ಳಿ. ಸ್ಮಾರಕದ ಆವರಣದಲ್ಲೂ ಹೆಸರು ಎಲ್ಲಿದೆ ಅಂತ ತೋರಿಸುವ ಡಿಜಿಟಲ್ ಪರದೆಗಳಿವೆ. ಸರಿಯಾದ ಸ್ಪೆಲಿಂಗ್, ಬೆಟಾಲಿಯನ್ ಕೈಯಲ್ಲಿದ್ದರೆ ಅಲ್ಲಿ ತಡವಾಗುವುದಿಲ್ಲ.

ಒಂದು ವೇಳೆ ಹೆಸರು ಸಿಗದಿದ್ದರೆ ಗಾಬರಿ ಬೇಡ. ಸ್ಪೆಲಿಂಗ್ ತಪ್ಪಿರಬಹುದು. ಗಾಯಗೊಂಡು ಎಷ್ಟೋ ದಿನದ ಮೇಲೆ ಆಸ್ಪತ್ರೆಯಲ್ಲಿ ತೀರಿಕೊಂಡಿರಬಹುದು, ದಾಖಲೆಯಲ್ಲಿ ಬೇರೆ ಕಾರಣ ಬರೆದಿರಬಹುದು. ಆಗ ದಾಖಲೆ ಕಚೇರಿಯ ಕಾಗದವೇ ಆಧಾರ. ಅದನ್ನು ಇಟ್ಟುಕೊಂಡು ವಿಚಾರಿಸುವ ಹಕ್ಕು ನಿಮಗಿದೆ. ಹಿಂಜರಿಯಬೇಡಿ.

ಈಗ ಮ್ಯೂಸಿಯಂ ವಿಷಯ. ಇದನ್ನು ನೇರವಾಗಿ ಹೇಳಿಬಿಡುತ್ತೇನೆ, ಯಾಕೆಂದರೆ ತುಂಬ ಜನ ಇಲ್ಲೇ ನಿರಾಶೆ ಪಡುತ್ತಾರೆ. 2015ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಾಗ ಸ್ಮಾರಕ ಮತ್ತು ಯುದ್ಧ ಮ್ಯೂಸಿಯಂ ಎರಡೂ ಯೋಜನೆಯಲ್ಲಿದ್ದವು. ಇಂಡಿಯಾ ಗೇಟಿನ ಹತ್ತಿರ ಸ್ಮಾರಕ, ಪಕ್ಕದ ಪ್ರಿನ್ಸೆಸ್ ಪಾರ್ಕಿನಲ್ಲಿ ಮ್ಯೂಸಿಯಂ ಅಂತ. ಮೊದಲು ಎದ್ದು ನಿಂತದ್ದು ಸ್ಮಾರಕ. ಸ್ಮಾರಕದೊಳಗೆ ಮ್ಯೂಸಿಯಂ ಇಲ್ಲ. ಹಾಗಾಗಿ ಅಲ್ಲಿ ಟ್ಯಾಂಕು, ವಿಮಾನ, ಬಂದೂಕು, ನಕಾಶೆ ಇರುತ್ತದೆ ಅಂದುಕೊಂಡು ಮಕ್ಕಳಿಗೆ ಆಸೆ ಹುಟ್ಟಿಸಬೇಡಿ. ಯಾರು ಸತ್ತರು ಅನ್ನುವುದನ್ನು ಸ್ಮಾರಕ ಹೇಳುತ್ತದೆ. ಯಾಕೆ ಸತ್ತರು, ಹೇಗೆ ಹೋರಾಡಿದರು ಅನ್ನುವುದನ್ನು ನೀವೇ ಹೇಳಬೇಕು. ಅದಕ್ಕೇ ನಾನು ಕೇಳಿದವರಿಗೆಲ್ಲ ಹೇಳುವುದು ಇಷ್ಟು: ಮೂರು ನಾಲ್ಕು ಹೆಸರು, ಅವರ ಕಥೆ ಸಮೇತ, ಮನಸ್ಸಲ್ಲಿ ಇಟ್ಟುಕೊಂಡು ಹೋಗಿ. ಗುರುತಿನವರು ಒಬ್ಬರೂ ಇಲ್ಲದೆ ಆ ಗೋಡೆಗಳ ನಡುವೆ ನಡೆದರೆ ಮಕ್ಕಳಿಗೆ ಕಾಣುವುದು ಬರೀ ಕಲ್ಲು. ನಿಮಗೆ ಒಂದು ಹೆಸರು ಮನೆಯಲ್ಲೇ ಇದೆ. ಇನ್ನೊಂದೆರಡು ನಾನು ಹೇಳುತ್ತೇನೆ.

ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೊಪ್ಪಯ್ಯ ದೇವಯ್ಯ. 1965ರ ಸೆಪ್ಟೆಂಬರ್ 7ರಂದು ನಮ್ಮ ವಾಯುಪಡೆಯ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೊರಟವು. ದೇವಯ್ಯ ಆ 12 ಜನರ ಪಟ್ಟಿಯಲ್ಲೇ ಇರಲಿಲ್ಲ. ಯಾರಾದರೂ ಹಿಂದೆ ಸರಿದರೆ ಅಂತ ಕಾಯ್ದಿರಿಸಿದ್ದ ಪೈಲಟ್ ಅವರು. ಒಂದು ವಿಮಾನ ಹೊರಬಿತ್ತು, ಇವರು ಸೇರಿಕೊಂಡರು. ಹಿಂದಿರುಗುವ ದಾರಿಯಲ್ಲಿ ಪಾಕಿಸ್ತಾನದ ಸ್ಟಾರ್‌ಫೈಟರ್ ಎದುರಾಯಿತು. ಆ ಕಾಲಕ್ಕೆ ಅದು ಶಬ್ದಕ್ಕಿಂತ ಎರಡು ಪಟ್ಟು ವೇಗದಲ್ಲಿ ಹಾರುತ್ತಿದ್ದ ವಿಮಾನ. ಮಿಸ್ಟೇರ್ ಅದರ ಮುಂದೆ ಏನೂ ಅಲ್ಲ. ದೇವಯ್ಯ ಅವರ ವಿಮಾನಕ್ಕೆ ಪೆಟ್ಟು ಬಿತ್ತು. ಹಾಗಿದ್ದೂ ಅವರು ಓಡಲಿಲ್ಲ, ತಿರುಗಿ ಕಾದಾಡಿದರು, ಸ್ಟಾರ್‌ಫೈಟರನ್ನು ಕೆಡವಿದರು. ಅದರ ಪೈಲಟ್ ಧುಮುಕಿ ಬದುಕಿದ. ದೇವಯ್ಯ ಮರಳಲಿಲ್ಲ. ನಮ್ಮ ಕಡೆ ಯಾರೂ ಅದನ್ನು ಕಂಡಿರಲಿಲ್ಲ. ಪಾಕಿಸ್ತಾನದ ವಾಯುಪಡೆಯ ನೆರವಿನಿಂದ ಒಬ್ಬ ಬ್ರಿಟಿಷ್ ಲೇಖಕ ಬರೆದ ಪುಸ್ತಕದಿಂದ ವರ್ಷಗಳ ಮೇಲೆ ನಿಜ ಹೊರಬಂತು. 1988ರಲ್ಲಿ, ಅಂದರೆ 23 ವರ್ಷಗಳ ನಂತರ, ಅವರಿಗೆ ಮಹಾವೀರ ಚಕ್ರ ಬಂತು. ಕರ್ನಾಟಕದ ಮಕ್ಕಳಿಗೆ ಈ ಕಥೆ ಗೊತ್ತಿರಬೇಕು. ಗೊತ್ತಿಲ್ಲದಿರುವುದು ನನಗೆ ತುಂಬ ಬೇಸರದ ಸಂಗತಿ.

ಈ ಕಥೆ ಹೇಳಿದ ಮೇಲೆ ಮಕ್ಕಳನ್ನು ಪಾಲಂನ ವಾಯುಪಡೆ ಮ್ಯೂಸಿಯಂಗೆ ಕರೆದುಕೊಂಡು ಹೋಗಿ. ನೀವು ಕೇಳಿದ ಯುದ್ಧದ ಮ್ಯೂಸಿಯಂಗೆ ದೆಹಲಿಯಲ್ಲಿ ಅತ್ಯಂತ ಹತ್ತಿರದ್ದು ಅದೇ. ಸೋಮವಾರ, ಮಂಗಳವಾರ ರಜೆ ಇರುವುದು ವಾಡಿಕೆ, ಅದಕ್ಕೆ ತಕ್ಕಂತೆ ದಿನ ಹೊಂದಿಸಿಕೊಳ್ಳಿ. ಅಲ್ಲಿ ದೇವಯ್ಯ ಹಾರಿಸುತ್ತಿದ್ದಂಥ ಮಿಸ್ಟೇರ್ ಇದೆ, ಅದೇ ಯುದ್ಧದಲ್ಲಿ ಹೆಸರು ಮಾಡಿದ ಪುಟ್ಟ ನ್ಯಾಟ್ ಇದೆ. ನ್ಯಾಟ್ ಪಕ್ಕ ನಿಲ್ಲಿಸಿದರೆ ನಿಮ್ಮ ಮಗನಿಗೂ ಅದು ಎಷ್ಟು ಚಿಕ್ಕದು ಅಂತ ಗೊತ್ತಾಗುತ್ತದೆ. ಅಂಥದ್ದರಲ್ಲಿ ಕೂತು ಒಬ್ಬನೇ ಮನುಷ್ಯ ಆಕಾಶದಲ್ಲಿ ಹೋರಾಡಿದ ಅಂದರೆ ಅವನೇ ಪ್ರಶ್ನೆ ಕೇಳಲು ಶುರು ಮಾಡುತ್ತಾನೆ. ಜಪಾನಿನ ಓಕಾ ಅನ್ನುವ ಆತ್ಮಾಹುತಿ ವಿಮಾನವೂ ಅಲ್ಲಿದೆ. ಅದರೊಳಗೆ ಕೂತವನು ವಾಪಸ್ ಬರುವ ದಾರಿಯೇ ಇರಲಿಲ್ಲ. ಮಗಳಿಗೆ ಅದನ್ನು ತೋರಿಸಿ, ಮಗನಿಗೆ ಬೇಡ.

ಪಾಲಂ ಒಂದು ದಿನ ಬೆಳಗ್ಗೆ, ಸ್ಮಾರಕ ಇನ್ನೊಂದು ದಿನ ಮಧ್ಯಾಹ್ನ. ಈ ಕ್ರಮ ಉಲ್ಟಾ ಮಾಡಬೇಡಿ. ವಿಮಾನ ನೋಡಿದ ಮೇಲೆ ಗೋಡೆಯಲ್ಲಿ ದೇವಯ್ಯ ಅವರ ಹೆಸರು ಸಿಕ್ಕಾಗ ಮಕ್ಕಳು ಓದುವ ರೀತಿಯೇ ಬೇರೆ ಇರುತ್ತದೆ.

ಇನ್ನು ಸ್ಮಾರಕ ಹೇಗಿದೆ ಅಂತ ಹೇಳುತ್ತೇನೆ. ಸುಮಾರು 40 ಎಕರೆ ಜಾಗ. ಚೆನ್ನೈನ ವೀಬಿ ಡಿಸೈನ್ ಲ್ಯಾಬ್ ಸಂಸ್ಥೆಯ ವಾಸ್ತುಶಿಲ್ಪಿ ಯೋಗೇಶ್ ಚಂದ್ರಹಾಸನ್ ಇದರ ವಿನ್ಯಾಸ ಮಾಡಿದವರು. ನಾಲ್ಕು ವೃತ್ತಗಳು, ಒಂದರ ಸುತ್ತ ಒಂದು, ಚಕ್ರವ್ಯೂಹದ ಹಾಗೆ. ನಡುವಿನದು ಅಮರ ಚಕ್ರ, ಅಲ್ಲೇ ಎತ್ತರದ ಸ್ತಂಭ ಮತ್ತು ಆರದ ಜ್ಯೋತಿ. ಅದರ ಸುತ್ತ ವೀರತಾ ಚಕ್ರ. ಅದರಾಚೆ ತ್ಯಾಗ ಚಕ್ರ, ಹೆಸರುಗಳಿರುವುದು ಇಲ್ಲಿ. ಎಲ್ಲಕ್ಕಿಂತ ಹೊರಗಿನ ರಕ್ಷಕ ಚಕ್ರದಲ್ಲಿ ಮರಗಳ ಸಾಲು. ಗಡಿ ಕಾಯುವ ಸೈನಿಕರ ಲೆಕ್ಕದಲ್ಲಿ ಆ ಮರಗಳನ್ನು ನೆಟ್ಟಿದ್ದಾರೆ.

ಎಲ್ಲರೂ ಸೀದಾ ಜ್ಯೋತಿಯ ಕಡೆ ಹೋಗಿ, ಫೋಟೊ ತೆಗೆದುಕೊಂಡು, ಹೊರಟುಬಿಡುತ್ತಾರೆ. ನೀವು ತ್ಯಾಗ ಚಕ್ರದಲ್ಲಿ ನಿಲ್ಲಿ. 16 ಗೋಡೆಗಳು. ಗ್ರಾನೈಟಿನ ಚಿಕ್ಕ ಚಿಕ್ಕ ಫಲಕಗಳನ್ನು ಇಟ್ಟಿಗೆಯಂತೆ ಜೋಡಿಸಿದ್ದಾರೆ. ಒಂದೊಂದರ ಮೇಲೆ ಒಬ್ಬೊಬ್ಬರ ಹೆಸರು, ಬಂಗಾರದ ಬಣ್ಣದ ಅಕ್ಷರದಲ್ಲಿ. ಮೇಜರ್‌ಗೂ ಅಷ್ಟೇ ಜಾಗ, ಸಿಪಾಯಿಗೂ ಅಷ್ಟೇ ಜಾಗ. ನನಗೆ ಈ ಸ್ಮಾರಕದಲ್ಲಿ ಬಹಳ ಹಿಡಿಸಿದ್ದು ಇದು. ಹತ್ತಿರದಲ್ಲೇ ಇರುವ ಇಂಡಿಯಾ ಗೇಟಿನ ಮೇಲೂ 13,000ಕ್ಕಿಂತ ಜಾಸ್ತಿ ಹೆಸರುಗಳಿವೆ. ಮೊದಲ ಮಹಾಯುದ್ಧದಲ್ಲಿ ಮತ್ತು ಅದರ ಬೆನ್ನಿಗೇ ನಡೆದ ಅಫ್ಘನ್ ಯುದ್ಧದಲ್ಲಿ ಬ್ರಿಟಿಷರ ಭಾರತೀಯ ಸೇನೆಯಲ್ಲಿದ್ದು ಸತ್ತವರು ಅವರು. ಆದರೆ 42 ಮೀಟರ್ ಎತ್ತರದ ಆ ಕಮಾನಿನ ಮೇಲಿನ ಹೆಸರುಗಳನ್ನು ಕೆಳಗೆ ನಿಂತು ಓದುವುದು ಕಷ್ಟ. ಇಲ್ಲಿ ಅತ್ತೆಯವರು ತಮ್ಮ ಅಣ್ಣನ ಹೆಸರಿನ ಹತ್ತಿರವೇ ಹೋಗಿ ನಿಲ್ಲಬಹುದು.

ಅವರ ಹೆಸರು ಸಿಕ್ಕಾಗ ನೀವು ಸ್ವಲ್ಪ ದೂರ ಸರಿಯಿರಿ. ಮಕ್ಕಳನ್ನೂ ಕರೆದುಕೊಂಡು ಸರಿಯಿರಿ. ಮೊಬೈಲ್ ಹಿಡಿದು ಅತ್ತೆಯವರ ಮುಖದ ವಿಡಿಯೊ ಮಾಡಬೇಡಿ. ಅವರಿಗೆ ಬೇಕಾದಷ್ಟು ಹೊತ್ತು ಕೊಡಿ. ಅವರೇ ಕರೆದಾಗ ಹೋಗಿ, ಆಗ ಫಲಕದ ಫೋಟೊ ತೆಗೆಯಿರಿ, ಊರಲ್ಲಿರುವ ಉಳಿದ ಸಂಬಂಧಿಕರಿಗೆ ಅದು ಬೇಕಾಗುತ್ತದೆ. ಗೋಡೆಗೆ ಒರಗಿ, ಬೆರಳಲ್ಲಿ ಗುರುತು ತೋರಿಸಿ ಸೆಲ್ಫಿ ತೆಗೆದುಕೊಳ್ಳುವವರು ಅಕ್ಕಪಕ್ಕದಲ್ಲಿ ಇರುತ್ತಾರೆ. ಮಕ್ಕಳಿಗೆ ಮೊದಲೇ ಹೇಳಿಡಿ: ಇಲ್ಲಿ ಪ್ರತಿ ಕಲ್ಲೂ ಒಂದು ಮನೆಯವರದು.

ವೀರತಾ ಚಕ್ರದಲ್ಲಿ ಶಿಲ್ಪಿ ರಾಮ್ ಸುತಾರ್ ಮಾಡಿದ ಆರು ಕಂಚಿನ ಭಿತ್ತಿಶಿಲ್ಪಗಳಿವೆ. ಎಲ್ಲವನ್ನೂ ವಿವರಿಸಲು ಹೋದರೆ ಮಕ್ಕಳು ಸುಸ್ತಾಗುತ್ತಾರೆ. ನಾನಾದರೆ ಮೂರರ ಮುಂದೆ ನಿಲ್ಲುತ್ತೇನೆ.

ಮೊದಲನೆಯದು ರೆಜಾಂಗ್ ಲಾ. 1962ರ ನವೆಂಬರ್ 18, ಚೀನಾ ಜೊತೆಗಿನ ಯುದ್ಧ. ಲಡಾಖಿನಲ್ಲಿ 16,000 ಅಡಿಗೂ ಎತ್ತರದ ಕಣಿವೆ ದಾರಿ. ಮೇಜರ್ ಶೈತಾನ್ ಸಿಂಗ್ ಅವರ ಕೈಕೆಳಗೆ 13 ಕುಮಾವೂನ್‌ನ ಒಂದು ಕಂಪನಿ, ಸುಮಾರು 120 ಜನ. ಹಿಂದೆ ಗುಡ್ಡ ಅಡ್ಡ ಇದ್ದದ್ದರಿಂದ ನಮ್ಮ ಫಿರಂಗಿಗಳ ಬೆಂಬಲವೂ ಸಿಗಲಿಲ್ಲ. ಆದರೂ ಅವರು ಜಾಗ ಬಿಡಲಿಲ್ಲ, ಬಹುತೇಕ ಎಲ್ಲರೂ ಅಲ್ಲೇ ಸತ್ತರು. ಚಳಿಗಾಲ ಕಳೆದ ಮೇಲೆ, 1963ರ ಫೆಬ್ರುವರಿಯಲ್ಲಿ ಹೋಗಿ ನೋಡಿದಾಗ, ಎಷ್ಟೋ ಜನರ ದೇಹಗಳು ಕಂದಕದಲ್ಲಿ ಇದ್ದ ಹಾಗೇ ಹೆಪ್ಪುಗಟ್ಟಿದ್ದವು, ಆಯುಧ ಕೈಯಲ್ಲೇ ಇತ್ತು. 1962 ಅಂದರೆ ಸೋಲು ಅಂತ ಒಂದೇ ಮಾತಲ್ಲಿ ಮುಗಿಸಿಬಿಡುತ್ತೇವೆ. ಯುದ್ಧ ಸೋತದ್ದು ನಿಜ. ಅಲ್ಲಿ ನಿಂತು ಸತ್ತವರ ಲೆಕ್ಕ ಬೇರೆ. ಮಗಳಿಗೆ ಈ ವ್ಯತ್ಯಾಸ ಅರ್ಥವಾಗುವ ವಯಸ್ಸು.

ಎರಡನೆಯದು ಆಪರೇಷನ್ ಮೇಘದೂತ್, 1984ರ ಏಪ್ರಿಲ್ 13ರಂದು ಶುರುವಾದ ಸಿಯಾಚಿನ್ ಕಾರ್ಯಾಚರಣೆ. ಇಲ್ಲಿ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರ ಬಗ್ಗೆ ಹೇಳಿ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಹಿಮ ಕುಸಿದು 19 ಮದ್ರಾಸ್ ಬೆಟಾಲಿಯನ್ನಿನ ಹತ್ತು ಜನ ಹೂತುಹೋದರು. ಆರು ದಿನಗಳ ಮೇಲೆ ಹನುಮಂತಪ್ಪ ಜೀವಂತ ಸಿಕ್ಕಾಗ ಇಡೀ ಕರ್ನಾಟಕ ಕೈ ಮುಗಿದು ಕೂತಿತ್ತು. ಫೆಬ್ರುವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಸಿಯಾಚಿನ್‌ನಲ್ಲಿ ಗುಂಡಿಗಿಂತ ಚಳಿ, ಹಿಮವೇ ಜಾಸ್ತಿ ಜನರನ್ನು ಕೊಂದಿದೆ ಅನ್ನುವುದನ್ನೂ ಹೇಳಿ. ಯೋಧ ಅಂದರೆ ಯಾವಾಗಲೂ ಗುಂಡು ಹಾರಿಸುತ್ತಿರುವವನು ಅಂತ ಮಕ್ಕಳು ಅಂದುಕೊಂಡಿರುತ್ತಾರೆ. ಆ ಎತ್ತರದಲ್ಲಿ ಒಂದು ಜಾಗದಲ್ಲಿ ಸುಮ್ಮನೆ ಇರುವುದೇ ಹೋರಾಟ.

ಮೂರನೆಯದು ಆಪರೇಷನ್ ಟ್ರೈಡೆಂಟ್. ನಿಮ್ಮ ಅತ್ತೆಯವರ ಅಣ್ಣ ಹೋರಾಡಿದ ಯುದ್ಧದ್ದೇ ಇನ್ನೊಂದು ಮುಖ ಇದು. 1971ರ ಡಿಸೆಂಬರ್ 4ರ ರಾತ್ರಿ ನೌಕಾಪಡೆಯ ನಿಪಾತ್, ನಿರ್ಘಾತ್, ವೀರ್ ಅನ್ನುವ ಕ್ಷಿಪಣಿ ದೋಣಿಗಳು ಕರಾಚಿಯ ಮೇಲೆ ದಾಳಿ ಮಾಡಿದವು. ಆ ನೆನಪಿಗೇ ಡಿಸೆಂಬರ್ 4 ನೌಕಾಪಡೆಯ ದಿನ. ಅಷ್ಟು ಚಿಕ್ಕ ದೋಣಿಗಳು ಹೇಗಿರುತ್ತವೆ ಅಂತ ನೋಡಲು ದೆಹಲಿಗೆ ಹೋಗಬೇಕಾಗಿಲ್ಲ. ಅದೇ ವಂಶದ, ಆದರೆ ಯುದ್ಧದ ನಂತರ ಸೇವೆಗೆ ಬಂದ ಐಎನ್‌ಎಸ್ ಚಾಪಲ್ ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ನಿಂತಿದೆ. ಬೆಳಗಾವಿಯಿಂದ ಒಂದು ಭಾನುವಾರ ಹೋಗಿ ಬರಬಹುದು.

ಏಳು ವರ್ಷದ ಮಗನ ಬಗ್ಗೆ ಕೇಳಿದ್ದೀರಿ. ಖಂಡಿತ ಕರೆದುಕೊಂಡು ಹೋಗಿ. ಭಯ ಹುಟ್ಟಿಸುವ ದೃಶ್ಯಗಳು ಅಲ್ಲಿಲ್ಲ. ಅಂಗಳ ವಿಶಾಲವಾಗಿದೆ, ಮರಗಳಿವೆ. ಅವನಿಗೆ ಎಲ್ಲ ಯುದ್ಧ ತಿಳಿಯುವುದು ಬೇಡ. ಅಜ್ಜಿಯ ಅಣ್ಣ ಒಬ್ಬರಿದ್ದರು, ಊರಿಗೆ ಮರಳಲಿಲ್ಲ, ಅವರ ಹೆಸರು ಇಲ್ಲಿದೆ ಅಂತ ಹೇಳಿ. ಸಾಕು. ಅವರು ಯಾರನ್ನು ಕೊಂದರು ಅಂತ ಅವನು ಕೇಳಿದರೆ ತಡವರಿಸಬೇಡಿ. ಆಚೆ ಕಡೆಯವರಿಗೂ ತಂಗಿಯರಿದ್ದರು ಅಂತ ಹೇಳಲು ಹೆದರಬೇಡಿ. ಇದರಿಂದ ನಮ್ಮವರ ಗೌರವ ಕಡಿಮೆಯಾಗುವುದಿಲ್ಲ. ದ್ವೇಷ ಕಲಿಸಿ ಮನೆಗೆ ಕಳುಹಿಸುವ ಜಾಗ ಅಲ್ಲ ಅದು.

ಸ್ಮಾರಕದ ಆವರಣದಲ್ಲೇ ಪರಮ ಯೋಧ ಸ್ಥಳ ಇದೆ. ಪರಮವೀರ ಚಕ್ರ ಪಡೆದ 21 ಜನರ ಕಂಚಿನ ಪ್ರತಿಮೆಗಳು. ಎಲ್ಲರೂ ಮಡಿದವರಲ್ಲ, ಬದುಕಿ ಪದಕ ಧರಿಸಿದವರೂ ಇದ್ದಾರೆ. ಮೇಜರ್ ರಾಮಸ್ವಾಮಿ ಪರಮೇಶ್ವರನ್ ಅವರ ಪ್ರತಿಮೆ ಹುಡುಕಿ. 1987ರಲ್ಲಿ ಶ್ರೀಲಂಕಾದಲ್ಲಿ ಶಾಂತಿಪಾಲನಾ ಪಡೆಯಲ್ಲಿದ್ದು ಮಡಿದವರು. ಆ ಕಾರ್ಯಾಚರಣೆಯಲ್ಲಿ ಒಂದು ಸಾವಿರಕ್ಕೂ ಹೆಚ್ಚು ಭಾರತೀಯ ಯೋಧರು ಸತ್ತರು. ಅವರಿಗಾಗಿ ಕೊಲಂಬೊ ಪಕ್ಕದಲ್ಲಿ ಸ್ಮಾರಕ ಎದ್ದು ಎಷ್ಟೋ ವರ್ಷಗಳಾದ ಮೇಲೆ ನಮ್ಮ ರಾಜಧಾನಿಯ ಗೋಡೆಯಲ್ಲಿ ಅವರಿಗೆ ಜಾಗ ಸಿಕ್ಕಿತು. ಇದು ನಾವು ಮರೆಯಬಾರದ ಸಂಗತಿ.

ಸಮಯದ ಲೆಕ್ಕ ಹೀಗೆ. ಪ್ರವೇಶ ಉಚಿತ. ಚಳಿಗಾಲದಲ್ಲಿ ಬೆಳಗ್ಗೆ 9ರಿಂದ ಸಂಜೆ 6:30ರವರೆಗೆ ತೆರೆದಿರುತ್ತದೆ. ಡಿಸೆಂಬರ್ ಬೆಳಗ್ಗೆ ದೆಹಲಿಯಲ್ಲಿ ಮಂಜು, ಹೊಗೆ, ಕೊರೆಯುವ ಚಳಿ. ವಯಸ್ಸಾದವರಿಗೆ ಅದು ಒಳ್ಳೆಯದಲ್ಲ. ಮಧ್ಯಾಹ್ನ ಎರಡೂವರೆ ಸುಮಾರಿಗೆ ತಲುಪಿ. ಡಿಸೆಂಬರಿನಲ್ಲಿ ಸೂರ್ಯ ಐದೂವರೆ ಹೊತ್ತಿಗೇ ಮುಳುಗುತ್ತಾನೆ. ಅದಕ್ಕೆ ಸ್ವಲ್ಪ ಮುಂಚೆ ಧ್ವಜ ಇಳಿಸುವ ರಿಟ್ರೀಟ್ ಸಮಾರಂಭ ನಡೆಯುತ್ತದೆ. ಆ ಹೊತ್ತಿಗೆ ಮಡಿದ ಯೋಧರೊಬ್ಬರ ಕುಟುಂಬದವರು ಪುಷ್ಪಚಕ್ರ ಇಡುವ ಪದ್ಧತಿಯೂ ಇದೆ. ನಿಮ್ಮ ಅತ್ತೆಯವರಿಗೆ ಅಂಥ ಅವಕಾಶ ಸಿಗಬಹುದೇ ಅಂತ ಸೈನಿಕ ಕಲ್ಯಾಣ ಕಚೇರಿಯಲ್ಲೇ ಮೊದಲು ಕೇಳಿ. ತಂಗಿಗೆ ಕೊಡದೆ ಇನ್ನಾರಿಗೆ ಕೊಡಬೇಕು, ಅಲ್ವಾ? ಕೇಳಿದರೆ ತಾನೇ ಗೊತ್ತಾಗುವುದು.

ಮೆಟ್ರೊದಲ್ಲಿ ಸೆಂಟ್ರಲ್ ಸೆಕ್ರೆಟರಿಯೇಟ್ ನಿಲ್ದಾಣದಲ್ಲಿ ಇಳಿಯಿರಿ ಅಂತ ಎಲ್ಲರೂ ಹೇಳುತ್ತಾರೆ. ಅಲ್ಲಿಂದ ಸುಮಾರು 2 ಕಿ.ಮೀ. ಇದೆ, ಅತ್ತೆಯವರಿಗೆ ಆಗದು. ಆಟೊ ಅಥವಾ ಟ್ಯಾಕ್ಸಿಯಲ್ಲಿ ಇಂಡಿಯಾ ಗೇಟಿನ ವೃತ್ತದವರೆಗೆ ಬನ್ನಿ. ಒಳಗೂ ನಡಿಗೆ ಇದ್ದೇ ಇದೆ. ಹಾಗಾಗಿ ಅದೇ ದಿನ ಕೆಂಪುಕೋಟೆ, ಕುತುಬ್ ಮಿನಾರ್ ಅಂತ ತುರುಕಬೇಡಿ. ಅತ್ತೆಯವರಿಗೆ ಶಕ್ತಿ ಕಡಿಮೆ ಅನ್ನಿಸಿದರೆ ಉಳಿದದ್ದೆಲ್ಲ ಬಿಟ್ಟು ನೇರವಾಗಿ ಹೆಸರಿರುವ ಗೋಡೆಗೆ ಕರೆದೊಯ್ಯಿರಿ.

ಹೊರಗೆ ಬಂದ ಮೇಲೆ ಇಂಡಿಯಾ ಗೇಟಿನ ಹಿಂದಿನ ಮಂಟಪದಲ್ಲಿ ನೇತಾಜಿ ಪ್ರತಿಮೆ ನೋಡಿ. 28 ಅಡಿ ಎತ್ತರದ ಕಪ್ಪು ಗ್ರಾನೈಟ್, ಕೆತ್ತಿದವರು ನಮ್ಮ ಮೈಸೂರಿನ ಅರುಣ್ ಯೋಗಿರಾಜ್. ಅಲ್ಲಿಂದ ಟ್ಯಾಕ್ಸಿಯಲ್ಲಿ ತೀನ್ ಮೂರ್ತಿ ಚೌಕದ ಕಡೆ ಹೋದರೆ ಇನ್ನೊಂದು ಇದೆ. ಅಲ್ಲಿರುವ ಮೂರು ಕಂಚಿನ ಸೈನಿಕರು ಜೋಧಪುರ, ಹೈದರಾಬಾದ್ ಮತ್ತು ಮೈಸೂರು ಸಂಸ್ಥಾನದ ಅಶ್ವದಳಗಳವರು. 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನಲ್ಲಿರುವ ಹೈಫಾ ಪಟ್ಟಣವನ್ನು ಮಷಿನ್‌ಗನ್‌ಗಳ ಎದುರು ಭರ್ಜಿ ಹಿಡಿದು ಗೆದ್ದುಕೊಂಡ ದಾಳಿಯಲ್ಲಿ ಮೈಸೂರು ಲ್ಯಾನ್ಸರ್ಸ್ ಇದ್ದರು. ಟ್ಯಾಕ್ಸಿಯಿಂದ ಇಳಿಯದೆಯೂ ತೋರಿಸಬಹುದು.

ಕೊನೆಯದಾಗಿ, ಡಿಸೆಂಬರ್ ಪ್ರವಾಸವನ್ನು ಜನವರಿಗೆ ಮುಂದೂಡುವ ಯೋಚನೆ ಇದ್ದರೆ ಬಿಟ್ಟುಬಿಡಿ. ಗಣರಾಜ್ಯೋತ್ಸವದ ತಯಾರಿಯಿಂದಾಗಿ ಆ ತಿಂಗಳು ಇಂಡಿಯಾ ಗೇಟ್ ಸುತ್ತಮುತ್ತ ಓಡಾಟಕ್ಕೆ ನಿರ್ಬಂಧ ಇರುತ್ತದೆ, ಪರೇಡ್ ಹತ್ತಿರವಾದಂತೆ ಅದು ಬಿಗಿಯಾಗುತ್ತದೆ. ಡಿಸೆಂಬರಿನಲ್ಲೇ ಹೋಗಿ. 16ರ ವಿಜಯ ದಿವಸದಂದು ಅಧಿಕೃತ ಕಾರ್ಯಕ್ರಮ ಇರುವುದರಿಂದ ಅದೊಂದು ದಿನ ತಪ್ಪಿಸಿ, ಅದರ ಹಿಂದೆ ಮುಂದೆ ಯಾವ ದಿನವಾದರೂ ಆಗುತ್ತದೆ. ಸೈನಿಕ ಕಲ್ಯಾಣ ಕಚೇರಿಗೆ ಅರ್ಜಿ ಮಾತ್ರ ಈ ವಾರವೇ ಕೊಡಿ.